ನೆಲ ಡೊಂಕೆನ್ನದ ಮೇಸ್ತ್ರಿ

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಅದು ಸಂಬಳದ ದಿನ ಬಿಟ್ಟರೆ ಇನ್ಯಾವತ್ತೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಎಲ್ಲರಿಗೂ ಅವನು ಗೆರೆ ಮೇಸ್ತ್ರಿ. ಲಾರಿಗಳ ಮೇಲೆ ಕೂರಿಸುವ ನೀರಿನ ಟ್ಯಾಂಕು ಮಾಡುವ ಷೆಡ್ಡೊಂದರಲ್ಲಿ ಅವನು ವೆಲ್ಡರು. ಎರಡು ತಗಡುಗಳನ್ನು ಸೇರಿಸಿ ಅವನು ಹಾಕಿದ ಬೆಸುಗೆ, ಅಡಿಕೋಲು ಇಟ್ಟು ಎಳೆದ ಗೆರೆಯ ಹಾಗೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪಕ್ಕೆ ಹೋಗುತ್ತಿತ್ತು. ಗಿರಾಕಿಗಳು ಬಂದರೆ ಷೆಡ್ಡಿನ ಸಾಹುಕಾರ ಮೊದಲು ತೋರಿಸುತ್ತಿದ್ದದ್ದು ಟ್ಯಾಂಕನ್ನಲ್ಲ, ಆ ಗೆರೆಯನ್ನು. "ಬೆರಳು ಆಡಿಸಿ ನೋಡಿ, ಎಲ್ಲಾದ್ರೂ ತಡೆಯುತ್ತಾ?" ಎನ್ನುತ್ತಿದ್ದ. ಮೇಸ್ತ್ರಿ ಅಲ್ಲೇ ಪಕ್ಕದಲ್ಲಿ ನಿಂತು, ಕೇಳಿಸಿದರೂ ಕೇಳಿಸದವನ ಹಾಗೆ ಕೈಗವಸು ಒದರುತ್ತಿದ್ದ.

ಉಳಿದವರು ಗೇಣುದ್ದ ಬೆಸೆದು, ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ನಾಲ್ಕು ಮಾತಾಡಿ, ಆಮೇಲೆ ಮುಂದಿನ ಗೇಣು ಬೆಸೆಯುತ್ತಿದ್ದರು. ಮೇಸ್ತ್ರಿಗೆ ಅದು ಸೇರದು. ಅವನು ತನಗಾಗಿಯೇ ಒಂದು ಮಣೆಗೆ ನಾಲ್ಕು ಗಾಲಿ ಹಾಕಿಕೊಂಡಿದ್ದ. ಅದರ ಮೇಲೆ ಕುಕ್ಕರಗಾಲಲ್ಲಿ ಕೂತು, ಹಿಮ್ಮಡಿಯಿಂದ ನೆಲವನ್ನು ಮೆತ್ತಗೆ ಒತ್ತುತ್ತಾ, ಟ್ಯಾಂಕಿನ ಉದ್ದಕ್ಕೂ ಸರಿಯುತ್ತಾ ಹೋಗುತ್ತಿದ್ದ. ಈ ತುದಿಯಲ್ಲಿ ಬೆಂಕಿ ಹಚ್ಚಿದರೆ ಆರುವುದು ಆ ತುದಿಯಲ್ಲೇ. ನಡುವೆ ಸಾಹುಕಾರ ಬಂದು ಕೂಗಲಿ, ಷೆಡ್ಡಿನ ಸೂರೇ ಕಳಚಿ ಬೀಳಲಿ, ಕೈಯಲ್ಲಿದ್ದ ವೆಲ್ಡಿಂಗ್ ಗನ್ನು ಎತ್ತುವ ಪ್ರಶ್ನೆಯೇ ಇಲ್ಲ. "ನಡುವೆ ನಿಲ್ಲಿಸಿದ್ದು ಗೆರೆ ಅಲ್ಲ, ತೇಪೆ" ಎನ್ನುವುದು ಅವನ ಮಾತು.

ಈ ಕೆಲಸದಲ್ಲಿ ಕೈಯೊಂದೇ ಇರುವುದಿಲ್ಲ ಎನ್ನುವುದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಮೆಷಿನ್ನಿನ ಪಕ್ಕದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಅದರೊಳಗೆ ತಂತಿ ಸುತ್ತಿದ ಉರುಳೆ, ಮುಷ್ಟಿಯಷ್ಟು ಗಾತ್ರದ ಒಂದು ಮೋಟಾರು, ಅದು ತಿರುಗಿಸುವ ಎರಡು ಪುಟ್ಟ ರೋಲರು. ಈ ರೋಲರುಗಳು ತಂತಿಯನ್ನು ಹಿಡಿದು ರಬ್ಬರು ಪೈಪಿನೊಳಗೆ ತಳ್ಳುತ್ತಾ ಗನ್ನಿನ ಬಾಯಿಗೆ ತಂದುಕೊಡುತ್ತವೆ. ಅಲ್ಲಿ ತಂತಿಯೇ ಉರಿದು, ಕರಗಿ, ಬೆಸುಗೆಯಾಗುತ್ತದೆ. ಮೋಟಾರು ಒಂದೇ ಹದದಲ್ಲಿ ತಿರುಗಿದರೆ ತಂತಿಯೂ ಬೆಂಕಿಯೂ ಜೋಡೆತ್ತಿನ ಹಾಗೆ ನಡೆಯುತ್ತವೆ. ಹದ ತಪ್ಪಿತೋ, ಎತ್ತು ಏರಿಗೆ, ಕೋಣ ನೀರಿಗೆ. ಇಷ್ಟೆಲ್ಲ ಗೊತ್ತಿದ್ದೂ ಮೇಸ್ತ್ರಿ ಆ ಪೆಟ್ಟಿಗೆಯನ್ನು ಚಹಾದ ಲೋಟ ಇಡುವ ಮೇಜಿನಷ್ಟೇ ಲೆಕ್ಕಕ್ಕೆ ಇಟ್ಟುಕೊಂಡಿದ್ದ.

ಅವನ ಹೆಂಡತಿಯ ತಮ್ಮನಿಗೆ ಇದೇ ಮೋಟಾರುಗಳನ್ನು ರಿಪೇರಿ ಮಾಡುವುದು ಹೊಟ್ಟೆಪಾಡು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಅಂಗಡಿ. ಇಬ್ಬರು ಒಳಗೆ ಬಂದರೆ ಒಬ್ಬ ಹೊರಗೆ ನಿಲ್ಲಬೇಕಾದಷ್ಟು ಚಿಕ್ಕದು. ಊರಿನ ಷೆಡ್ಡುಗಳೆಲ್ಲ ತಮ್ಮ ಮೋಟಾರುಗಳನ್ನು ಅವನ ಹತ್ತಿರ ಹೊತ್ತು ತರುತ್ತಿದ್ದವು. ಮೇಸ್ತ್ರಿ ಮಾತ್ರ ಅವನನ್ನು "ಆಟದ ಸಾಮಾನಿನ ಡಾಕ್ಟ್ರು" ಎಂದು ಕರೆಯುತ್ತಿದ್ದ. ಮನೆಯಲ್ಲಿ ನಾಲ್ಕು ಜನ ಸೇರಿದಾಗಂತೂ ಈ ಮಾತು ಬರಲೇಬೇಕು. ಬಾಮೈದ ನಗುತ್ತಿದ್ದ. ಭಾವ ಅಂದಮೇಲೆ ಇಷ್ಟೂ ಹೇಳಬಾರದೇ ಎಂದು ಅಕ್ಕನಿಗೆ ಸಮಾಧಾನವನ್ನೂ ಹೇಳುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಷೆಡ್ಡಿನಲ್ಲಿ ಕುಳ್ಳ ಎಂದು ಒಬ್ಬನಿದ್ದ. ಮೇಸ್ತ್ರಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಎರಡು ಮಕ್ಕಳ ತಂದೆ, ಮೇಸ್ತ್ರಿಯ ಕೈಕೆಳಗೇ ಕೆಲಸ ಕಲಿತವನು. ಒಂದು ದಿನ ಅವನ ಬೆಸುಗೆ ಗಂಟುಗಂಟಾಗಿ ಬಂತು. "ವೈರು ಜಗ್ಗಿ ಜಗ್ಗಿ ಬರ್ತಿದೆ ಮೇಸ್ತ್ರೀ, ಮೆಷಿನ್ನೇ ಸರಿಯಿಲ್ಲ" ಎಂದ. ಮೇಸ್ತ್ರಿ ಅವನ ಕೈಯಿಂದ ಗನ್ನು ತೆಗೆದುಕೊಂಡು, ಅದೇ ಮೆಷಿನ್ನಿನಲ್ಲಿ, ಅದೇ ತಗಡಿನ ಮೇಲೆ ಗೆರೆ ಎಳೆದ. ಎಂದಿನ ಗೆರೆ. ಆಮೇಲೆ ಹೆಲ್ಮೆಟ್ಟು ಮೇಲೆತ್ತಿ, ಇಡೀ ಷೆಡ್ಡಿಗೆ ಕೇಳುವ ಹಾಗೆ ಹೇಳಿದ:

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಷೆಡ್ಡಿಗೆ ಷೆಡ್ಡೇ ನಕ್ಕಿತು. ಅವತ್ತಿನಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಯಾರಾದರೂ ಮೆಷಿನ್ನಿನ ಬಗ್ಗೆ ಬಾಯಿ ತೆರೆದರೆ ಸಾಕು, "ಏನಪ್ಪಾ, ನೆಲ ಡೊಂಕಾ?" ಎಂದು ಯಾವುದಾದರೊಂದು ಮೂಲೆಯಿಂದ ಕೇಳಿಬರುತ್ತಿತ್ತು. ದೂರುವುದೇ ನಿಂತುಹೋಯಿತು. ಮೆಷಿನ್ನು ಕೆಟ್ಟರೂ ಅದು ಪೂರ್ತಿ ನಿಂತು ಹೊಗೆ ಬರುವ ತನಕ ಯಾರೂ ಹೇಳುತ್ತಿರಲಿಲ್ಲ. ಮೇಸ್ತ್ರಿಗೆ ಇದು ತನ್ನ ಷೆಡ್ಡಿನ ಶಿಸ್ತು ಎಂಬ ಹೆಮ್ಮೆ. ಅದು ಮುಂದೆ ತನ್ನ ಕುತ್ತಿಗೆಗೇ ಬರುತ್ತದೆ ಎಂದು ಅವನಿಗೆ ಹೇಗೆ ತಿಳಿಯಬೇಕು?

ಬೆಸುಗೆ ಹಾಕಿದ ಟ್ಯಾಂಕಿಗೆ ಗಾಳಿ ತುಂಬಿ, ಗೆರೆಯ ಮೇಲೆಲ್ಲ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಎದ್ದ ಕಡೆ ತೂತು ಎಂದು ಅರ್ಥ. ಮೇಸ್ತ್ರಿಯ ಗೆರೆಗೆ ಸೋಪು ಬಳಿಯುವುದು ಬರಿಯ ಶಾಸ್ತ್ರಕ್ಕಾಗಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ, ಕುಳ್ಳ ಬ್ರಷ್ಷು ಹಿಡಿದು ಬಳಿಯುತ್ತಾ ಬಂದವನು ಗೆರೆಯ ಕೊನೆಯ ಹತ್ತಿರ ನಿಂತುಬಿಟ್ಟ. ಅಲ್ಲಿ ಒಂದು ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದಿತು. ಕುಳ್ಳ ಅದನ್ನು ಹೆಬ್ಬೆರಳಿನಿಂದ ಒರೆಸಿ, ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ನೋಡಿದ. ಮೇಸ್ತ್ರಿ ನೋಡಿದ್ದ.

ಮುಂದಿನ ಟ್ಯಾಂಕಿನಲ್ಲೂ ಹಾಗೇ ಆಯಿತು, ಅದರ ಮುಂದಿನದರಲ್ಲೂ. ಗೆರೆಯ ಮೊದಲ ಅರ್ಧ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ, ಕೊನೆಯ ಭಾಗ ಮಾತ್ರ ಒಂದು ಕಡೆ ಸೊರಗಿ, ಇನ್ನೊಂದು ಕಡೆ ಉಬ್ಬಿ. ಕಪ್ಪು ಗಾಜಿನ ಹಿಂದೆ ಕೂತ ಮೇಸ್ತ್ರಿಗೆ ಅಂಗೈಯೊಳಗೆ ಏನೋ ಅದುರಿದಂತೆ ಗೊತ್ತಾಗುತ್ತಿತ್ತು. ಬೆಂಕಿ ಒಮ್ಮೆ ಉದ್ದವಾಗಿ ಚಾಚಿ, ಮರುಗಳಿಗೆಗೆ ತಂತಿ ಬಂದು ತಗಡಿಗೆ ಚುಚ್ಚುತ್ತಿತ್ತು. ಅವನು ಅದಕ್ಕೆ ಒಂದೇ ಅರ್ಥ ಮಾಡಿಕೊಂಡ: ಗೆರೆ ಮುಗಿಯುವಷ್ಟರಲ್ಲಿ ಕೈ ಸೋಲುತ್ತಿದೆ, ವಯಸ್ಸಾಯಿತು.

ಕುಳ್ಳ ಒಂದು ಮಧ್ಯಾಹ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಮೇಸ್ತ್ರೀ, ನನಗ್ಯಾಕೋ ವೈರು ಸರಿಯಾಗಿ ಬರ್ತಿಲ್ಲ ಅನ್ಸುತ್ತೆ. ಮೋಟಾರು ಒಂದ್ಸಲ ಯಾರಿಗಾದ್ರೂ ತೋರಿಸೋಣ."

ಮೆಲ್ಲಗೆ ಹೇಳಿದರೂ ಪಕ್ಕದ ಇಬ್ಬರು ತಲೆ ಎತ್ತಿದರು. ಅವರ ತುಟಿಯಲ್ಲಿ ಆ ಗಾದೆ ಸಿದ್ಧವಾಗಿ ಕೂತಿರುವುದು ಮೇಸ್ತ್ರಿಗೆ ಕಂಡಿತು. ನಿಜಕ್ಕೂ ಇತ್ತೋ ಇಲ್ಲವೋ, ಕಂಡದ್ದಂತೂ ಹೌದು. ಅವನು ಗನ್ನನ್ನು ಕುಳ್ಳನ ಕೈಗೆ ಕೊಟ್ಟು, "ನೀನು ಹಾಕು, ನೋಡೋಣ" ಎಂದ. ಕುಳ್ಳ ತನ್ನ ಅಭ್ಯಾಸದಂತೆ ಗೇಣುದ್ದ ಹಾಕಿ, ನಿಲ್ಲಿಸಿ, ಬೆವರು ಒರೆಸಿ, ಮುಂದಿನ ಗೇಣು ಹಾಕುತ್ತಾ ಕೊನೆಯ ತನಕ ಹೋದ. ಸೋಪು ಬಳಿದರೆ ಒಂದು ಗುಳ್ಳೆಯೂ ಇಲ್ಲ. ಇನ್ನೇನು ಬೇಕು? ಅದೇ ಮೆಷಿನ್ನು, ಅದೇ ತಂತಿ. ಬದಲಾದದ್ದು ಕೈ ಒಂದೇ.

ಆ ರಾತ್ರಿ ಊಟಕ್ಕೆ ಕೂತಾಗ, ನಡೆದದ್ದನ್ನು ಕೇಳಿದ ಹೆಂಡತಿ, "ರೀ, ತಮ್ಮನ್ನ ಒಂದ್ಸಲ ಕರೆದು ಮೆಷಿನ್ನು ತೋರಿಸಿ. ನೋಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದಳು.

"ನನ್ನ ಕೈಗೆ ನಿನ್ನ ತಮ್ಮ ಏನು ಎಣ್ಣೆ ಬಿಡ್ತಾನಾ?" ಎಂದು ತಟ್ಟೆ ಸರಿಸಿ ಎದ್ದುಹೋದ.

ಮಾರನೆಯ ದಿನ ಅವನು ಹೆಲ್ಮೆಟ್ಟನ್ನು ಒರೆಸಿ, ಮೊಳೆಗೆ ನೇತುಹಾಕಿ, ಸಾಹುಕಾರನ ಎದುರು ನಿಂತು "ಕೈ ಹೋಯ್ತು ಸಾಹುಕಾರ್ರೇ" ಎಂದ. ಬೇರೆ ಯಾರಾದರೂ ಹೇಳುವ ಮುಂಚೆ ತಾನೇ ಹೇಳಿಬಿಡಬೇಕು ಎನ್ನುವ ಹಟ. ಸಾಹುಕಾರ ಕೂರಿಸಿ ಸಮಾಧಾನ ಹೇಳಿದ, ಸುಮ್ಮನೆ ಮೇಲುಸ್ತುವಾರಿ ನೋಡಿಕೊಂಡಿರು ಎಂದ. ಮೇಸ್ತ್ರಿ ಒಪ್ಪಲಿಲ್ಲ. ಗಾಲಿ ಹಾಕಿದ ಮಣೆಯನ್ನು ಕುಳ್ಳನಿಗೆ ಕೊಟ್ಟು ಹೊರಟುಬಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ತನ್ನ ಕಾಲೇ ಮುರಿದಿದೆ ಎಂದು ಹಟ ಹಿಡಿದವನು ಇವನೊಬ್ಬ.

ಆಮೇಲೆ ನಾಲ್ಕು ವರ್ಷ ಅವನು ಒಂದು ವಸತಿ ಕಟ್ಟಡದ ಗೇಟಿನಲ್ಲಿ ಕಾವಲುಗಾರನಾಗಿದ್ದ. ಪ್ಲಾಸ್ಟಿಕ್ ಕುರ್ಚಿ, ಒಂದು ಛತ್ರಿ, ಬರುವ ಹೋಗುವ ಗಾಡಿಗೆ ಗೇಟು ತೆಗೆಯುವುದು ಹಾಕುವುದು. ಆ ಗೇಟಿನ ಕೀಲಿನ ಹತ್ತಿರ ಯಾರೋ ಹಾಕಿದ್ದ ಬೆಸುಗೆ ಗಂಟುಗಂಟಾಗಿತ್ತು. ಅದು ಕಾಣದಿರಲಿ ಎಂದು ಅವನು ಕುರ್ಚಿಯನ್ನು ಆಚೆ ಕಡೆಗೆ ತಿರುಗಿಸಿ ಹಾಕಿಕೊಂಡಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ನೋಡುತ್ತಾ ಕೂತರೆ ಯಾರ ಕೈಯಾದರೂ ನಡುಗುತ್ತದೆ, ಅವನದೂ ನಡುಗಿತು. ಮನೆಯಲ್ಲಿ ತುಂಬಿದ ಲೋಟ ಹಿಡಿಯುವುದನ್ನು ಬಿಟ್ಟ. "ಅರ್ಧ ಹಾಕೇ, ಚೆಲ್ಲುತ್ತೆ" ಎನ್ನುತ್ತಿದ್ದ. ಹೆಂಡತಿ ಅರ್ಧ ಹಾಕಿ ಕೊಡುತ್ತಿದ್ದಳು, ಅವನು ಕುಡಿದ ಮೇಲೆ ಇನ್ನರ್ಧ ಹಾಕುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಬಾಮೈದ ಬಂದ. ಕೂತ, ಅಕ್ಕ ಕೊಟ್ಟ ಚಹಾ ಕುಡಿದ, ಏನೇನೋ ಮಾತಾಡಿದ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಭಾವ, ಸ್ವಲ್ಪ ಅಂಗಡಿ ತನಕ ಬಂದು ಹೋಗಿ" ಎಂದ. ಯಾಕೆ ಎಂದರೆ ಹೇಳಲಿಲ್ಲ.

ಅಂಗಡಿಯ ನೆಲದ ಮೇಲೆ ಒಂದು ಹಳೆಯ ಪೆಟ್ಟಿಗೆ ಇತ್ತು. ಮೇಲ್ಗಡೆ ಚಹಾದ ಲೋಟದ ಗುಂಡಗಿನ ಕಲೆಗಳು ಒಂದರ ಮೇಲೊಂದು. ಮೇಸ್ತ್ರಿಗೆ ಗುರುತು ಹತ್ತಲು ಅಷ್ಟೇ ಸಾಕಾಯಿತು.

"ಇದು ನನ್ನದಲ್ವೇನೋ?"

"ನಿಮ್ಮದೇ. ಷೆಡ್ಡಿಗೆಲ್ಲ ಹೊಸ ಮೆಷಿನ್ ತಂದ್ರಂತೆ. ಹಳೇದೆಲ್ಲ ಹಿಂದುಗಡೆ ಬಿದ್ದಿತ್ತು, ಏನಾದ್ರೂ ಆಗುತ್ತಾ ನೋಡು ಅಂತ ಸಾಹುಕಾರ್ರು ಕಳಿಸಿದ್ರು. ಕೂತ್ಕೊಳಿ ಭಾವ. ಸುಮ್ನೆ ಸ್ವಲ್ಪ ಹೊತ್ತು ಇದರ ಸದ್ದು ಕೇಳಿ."

ಬಾಮೈದ ತಂತಿ ಪೋಣಿಸಿ, ಪೈಪನ್ನು ಷೆಡ್ಡಿನಲ್ಲಿ ಬಿದ್ದಿರುವ ಹಾಗೆಯೇ ಸುತ್ತಿ ಬಗ್ಗಿಸಿ ಹಾಕಿ, ಬೆಂಕಿ ಹಚ್ಚದೆ ಬರೀ ಮೋಟಾರನ್ನು ಓಡಿಸಿದ. ಗನ್ನಿನ ಬಾಯಿಂದ ತಂತಿ ಹೊರಬಂದು ಒಂದು ಬಕೆಟ್ಟಿನೊಳಗೆ ಸುರುಳಿ ಸುರುಳಿಯಾಗಿ ಬೀಳತೊಡಗಿತು. ಮೋಟಾರಿನದು ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಇಬ್ಬರೂ ಅದನ್ನು ಕೇಳುತ್ತಾ ಕೂತರು. ಬಾಮೈದ ಅಕ್ಕನ ಮಂಡಿನೋವಿನ ವಿಷಯ ಕೇಳಿದ. ಎದುರಿನ ಅಂಗಡಿಯವನು ಬಾಗಿಲು ತೆಗೆದು ಕಸ ಗುಡಿಸಿ ಮುಗಿಸಿದ. ಮೇಸ್ತ್ರಿ ಇನ್ನೇನು ಎದ್ದು ಹೊರಡಬೇಕು, ಸದ್ದು ಒಂದು ಗಳಿಗೆ ಕುಗ್ಗಿತು. ತಂತಿ ತಡೆದು, ಆಮೇಲೆ ಜಗ್ಗಿದ ಹಾಗೆ ಮುಂದೆ ಬಂತು. ಮತ್ತೆ ಕುಗ್ಗಿತು.

ಮೇಸ್ತ್ರಿಯ ಬಲಗೈ ತಾನಾಗಿಯೇ ಮುಷ್ಟಿಯಾಯಿತು. ಅವತ್ತು ಅಂಗೈಯೊಳಗೆ ಅದುರಿದ್ದು ಇದೇ. ಬೇರೆ ಏನೂ ಅಲ್ಲ, ಇದೇ.

ಬಾಮೈದ ಮೋಟಾರು ನಿಲ್ಲಿಸಿ, ಬಿಚ್ಚಿ, ಒಳಗಿನಿಂದ ಎರಡು ಕರಿಯ ಚೂರುಗಳನ್ನು ತೆಗೆದು ಭಾವನ ಅಂಗೈ ಮೇಲಿಟ್ಟ. ಬರೆದು ಬರೆದು ಮುಗಿದ ಪೆನ್ಸಿಲ್ಲಿನ ತುಂಡಿನಷ್ಟಿದ್ದವು.

"ಇದು ಕಾರ್ಬನ್ನು. ತಿರುಗೋ ಭಾಗಕ್ಕೆ ಕರೆಂಟು ಕೊಡೋದು ಇದೇ. ಸವೆದುಹೋಗಿದೆ. ಸಾಲದ್ದಕ್ಕೆ ಬಿಸಿಯಾದಾಗ ಇದರಲ್ಲಿ ಒಂದು ತನ್ನ ಗೂಡಲ್ಲೇ ಸಿಕ್ಕಾಕೊಳ್ಳುತ್ತೆ. ತಣ್ಣಗಾದ್ರೆ ಮತ್ತೆ ಸರಿ."

"ಕುಳ್ಳ ಹಾಕ್ದಾಗ ಚೆನ್ನಾಗೇ ಬಂತಲ್ಲೋ."

"ನಿಲ್ಲಿಸಿ ನಿಲ್ಲಿಸಿ ಹಾಕೋರಿಗೆ ಇದು ಗೊತ್ತೇ ಆಗಲ್ಲ ಭಾವ, ನಡುವೆ ತಣ್ಣಗಾಗಿರುತ್ತೆ. ನೀವು ನಿಲ್ಲಿಸ್ತಿರ್ಲಿಲ್ವಲ್ಲ."

ಮೇಸ್ತ್ರಿ ಆ ಚೂರುಗಳನ್ನು ನೋಡುತ್ತಲೇ ಇದ್ದ. "ಇದನ್ನ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು?"

"ನೀವು ಚಹಾ ಕುಡಿದು ಮುಗಿಸೋದ್ರೊಳಗೆ ಆಗುತ್ತೆ."

ಮೇಸ್ತ್ರಿಗೆ ಸಿಟ್ಟು ಬಂತು. ತನ್ನ ಮೇಲೆ ಬರಬೇಕಾದ ಸಿಟ್ಟು, ಎದುರಿಗಿದ್ದವನ ಮೇಲೆ ತಿರುಗಿತು. "ಅಷ್ಟು ಗೊತ್ತಿದ್ದೋನು ಅವತ್ತೇ ಯಾಕೋ ಬಂದು ನೋಡ್ಲಿಲ್ಲ?"

"ಬಂದಿದ್ದೆ ಭಾವ. ಅಕ್ಕ ಹೇಳಿ ಕಳಿಸಿದ್ಲು, ಸಾಮಾನಿನ ಚೀಲ ಹಿಡ್ಕೊಂಡೇ ಬಂದಿದ್ದೆ. ನೀವು ಮನೆ ಬಾಗಿಲಲ್ಲೇ ನಿಂತು, ನಮ್ಮನೇಲಿ ಆಟದ ಸಾಮಾನು ಯಾವುದೂ ಕೆಟ್ಟಿಲ್ಲ ಕಣಪ್ಪ ಅಂದ್ರಿ."

ಅಂದವನಿಗೆ ಅದು ಮರೆತೇಹೋಗಿತ್ತು. ಅನ್ನಿಸಿಕೊಂಡವನಿಗೆ ಅಕ್ಷರವೂ ಬಿಡದೆ ನೆನಪಿತ್ತು. ಬಾಮೈದನ ದನಿಯಲ್ಲಿ ಕಹಿ ಇರಲಿಲ್ಲ, ಅದೇ ಮೇಸ್ತ್ರಿಗೆ ಹೆಚ್ಚು ಚುಚ್ಚಿತು. ಆ ಕರಿಯ ಚೂರುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

ಆದರೂ ನಿಜ ಹೇಳಬೇಕೆಂದರೆ, ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ದುಃಖಕ್ಕಿಂತ ಖುಷಿಯೇ ಹೆಚ್ಚಾಗಿತ್ತು. ಕೈ ಹೋಗಿರಲಿಲ್ಲ! ಹೆಜ್ಜೆ ತಾನಾಗಿಯೇ ಚುರುಕಾಯಿತು. ಒಳಗೆ ಕಾಲಿಡುತ್ತಲೇ ಹೆಂಡತಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತುಂಬಾ ಹಾಕು ಚಹಾ" ಎಂದ. ಅವಳು ಅಂಚಿನ ತನಕ ತುಂಬಿ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಅವನು ಲೋಟ ಎತ್ತಿ ತೋರಿಸಿದ, ಅವಳು ನಗಲಿಲ್ಲ.

"ನಾಲ್ಕು ವರ್ಷ ನಿಮಗೆ ಅರ್ಧ ಲೋಟ ಕೊಟ್ಟಿದೀನಿ" ಎಂದಳು. "ನಿಮ್ಮ ಕೈಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಿದೀನಿ. ಹೇಳಿದ್ರೆ ನೀವು ಕೇಳೋರಾ?" ಆಮೇಲೆ ಒಲೆಯ ಕಡೆ ತಿರುಗಿ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ವಿಷಯ ಸಾಹುಕಾರನಿಗೂ ಮುಟ್ಟಿತು. "ಕೈ ಆಡೋದಾದ್ರೆ ನಾಳೆಯೇ ಬರಲಿ, ಉದ್ದದ ಗೆರೆ ಎಳೆಯೋರು ಈಗಲೂ ಇಲ್ಲ" ಎಂದು ಹೇಳಿ ಕಳಿಸಿದ. ಮೇಸ್ತ್ರಿ ಗೇಟಿನ ಕೆಲಸದಿಂದ ರಜೆ ಪಡೆದ. ಮೊದಲು ಬಾಮೈದನ ಅಂಗಡಿಯ ಹಿಂದಿನ ಅಂಗಳದಲ್ಲಿ, ತನ್ನ ಅದೇ ಹಳೆಯ ಮೆಷಿನ್ನಿನಲ್ಲಿ ಒಂದು ಗೆರೆ ಎಳೆದು ನೋಡುವುದು, ಆಮೇಲೆ ಷೆಡ್ಡಿಗೆ ಹೋಗುವುದು ಎಂದಾಯಿತು. ಬಾಮೈದ ಹೊಸ ಕಾರ್ಬನ್ನು ಹಾಕಿ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು ಬದಲಾಯಿಸಿ, ಮೋಟಾರನ್ನು ಒಂದು ಹಗಲೆಲ್ಲ ಓಡಿಸಿ ನೋಡಿದ್ದ. ಕುಳ್ಳ ಎರಡು ಉದ್ದದ ತಗಡುಗಳನ್ನೂ ಆ ಗಾಲಿಯ ಮಣೆಯನ್ನೂ ಹೊತ್ತು ತಂದ. ಮಣೆಯ ಗಾಲಿಗಳಿಗೆ ಆಗಾಗ ಎಣ್ಣೆ ಬಿಟ್ಟು ಜೋಪಾನ ಮಾಡಿದ್ದು ಕಾಣುತ್ತಿತ್ತು.

"ಕೂತಿದ್ದೀಯೇನೋ ಇದರ ಮೇಲೆ?" ಎಂದು ಮೇಸ್ತ್ರಿ ಕೇಳಿದ.

"ಇಲ್ಲ ಮೇಸ್ತ್ರೀ. ಅದು ನಿಮ್ಮದು."

ಮೇಸ್ತ್ರಿ ಕುಳ್ಳನನ್ನು ಒಮ್ಮೆ ನೋಡಿದ. ಅವತ್ತು ವೈರು ಜಗ್ಗಿ ಬರುತ್ತಿದೆ ಎಂದವನು ಇವನು. ಅವತ್ತು ಅವನ ಕೈಯೇ ತಪ್ಪಿತ್ತೋ, ಇಲ್ಲ ಅವನು ಹೇಳಿದ್ದರಲ್ಲೂ ನಿಜವಿತ್ತೋ, ಇನ್ನು ಯಾರು ಹೇಳಬೇಕು? ಆ ಗಾದೆಯಿಂದ ಎಷ್ಟು ಬಾಯಿಗಳನ್ನು ಮುಚ್ಚಿಸಿದ್ದನೋ, ಕೊನೆಗೆ ತನ್ನದನ್ನೂ. ಕ್ಷಮೆ ಕೇಳಬೇಕು ಎನ್ನಿಸಿತು. ಗೆರೆ ಮುಗಿಯಲಿ, ಆಮೇಲೆ ಕೇಳೋಣ ಎಂದುಕೊಂಡ.

ಹೆಲ್ಮೆಟ್ಟು ಇಳಿಸಿ, ಮಣೆಯ ಮೇಲೆ ಕೂತು, ಗುಂಡಿ ಒತ್ತಿದ. ಬೆಂಕಿ ಹೊತ್ತಿತು. ಮೊದಲ ಗೇಣು ಹಳೆಯ ಗೆರೆಯೇ. ಪಕ್ಕದಲ್ಲಿ ನಿಂತ ಇಬ್ಬರೂ ಮುಖ ಮುಖ ನೋಡಿಕೊಂಡರು. ಎರಡನೆಯ ಗೇಣಿಗೆ ಹಿಮ್ಮಡಿ ಒತ್ತುವಾಗ ಮೊಣಕಾಲು ಹಿಡಿದುಕೊಂಡಿತು. ನಾಲ್ಕು ವರ್ಷ ಕುರ್ಚಿಯಲ್ಲಿ ಕೂತ ಮೊಣಕಾಲು. ಮಣೆ ಜಾರಿ ಮುಂದೆ ಹೋಯಿತು, ಕೈ ಹಿಂದೆ ಉಳಿಯಿತು. ಅದನ್ನು ಸರಿಪಡಿಸಲು ಹೋದರೆ ಮಣಿಕಟ್ಟು ತುಯ್ದಿತು. ಕರಗಿದ ಲೋಹದ ಅಂಚು ಅವನಿಗೆ ಮೊದಲಿನಂತೆ ಕೂದಲೆಳೆಯ ಹಾಗೆ ಕಾಣದೆ, ಮಂಜು ಮಂಜಾಗಿ ಕಂಡಿತು. ಅವನು ಗನ್ನು ಎತ್ತಲಿಲ್ಲ, ಹಲ್ಲು ಕಚ್ಚಿ ಕೊನೆಯ ತನಕ ಹೋದ. ಮೋಟಾರು ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿತ್ತು, ಅವನು ಅದನ್ನು ಉದ್ದಕ್ಕೂ ಕೇಳಿಸಿಕೊಳ್ಳುತ್ತಲೇ ಇದ್ದ.

ಹೆಲ್ಮೆಟ್ಟು ಮೇಲೆತ್ತಿ ಗೆರೆ ನೋಡಿದ. ಎರಡನೆಯ ಗೇಣಿನಿಂದ ಬರೀ ಗಂಟುಗಂಟು. ಸೋಪಿನ ನೀರು ಬಳಿಯುವ ಅಗತ್ಯವಿರಲಿಲ್ಲ. ಅವತ್ತು ಇದ್ದ ಕೈಯನ್ನು ಹೋಯಿತೆಂದು ತಾನೇ ಸಾರಿಕೊಂಡು ಬಂದಿದ್ದ. ಹಾಗೆ ಸಾರಿ ಕೂತ ವರ್ಷಗಳಲ್ಲಿ ಅದು ಮೆಲ್ಲಗೆ, ಯಾರಿಗೂ ಹೇಳದೆ, ನಿಜವಾಗಿಯೂ ಹೋಗಿತ್ತು.

ಮೊದಲು ಬಾಯಿ ತೆರೆದವನು ಕುಳ್ಳ.

"ಮೆಷಿನ್ನು ಇನ್ನೂ ಸರಿಯಾಗಿಲ್ಲ ಅನ್ಸುತ್ತೆ ಮೇಸ್ತ್ರೀ" ಎಂದ.

ತನ್ನ ಕೈಯಿಂದ ಹೋದ ಮೋಟಾರಿನ ಬಗ್ಗೆ ಇಡೀ ಮಾರುಕಟ್ಟೆಯಲ್ಲಿ ಒಬ್ಬನಿಂದಲೂ ಒಂದು ದೂರು ಕೇಳಿಸಿಕೊಳ್ಳದ ಬಾಮೈದ ತಲೆ ತಗ್ಗಿಸಿದ. "ಹೌದು ಭಾವ. ನಾನೇ ಎಲ್ಲೋ ತಪ್ಪಿದೀನಿ. ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ" ಎಂದು ಸ್ಕ್ರೂಡ್ರೈವರಿಗೆ ಕೈ ಹಾಕಿದ.

ಮೇಸ್ತ್ರಿ ಅವನ ಕೈ ಹಿಡಿದುಕೊಂಡ.

"ಬಿಚ್ಚಬೇಡ ಕಣೋ" ಎಂದ. "ಇವತ್ತು ನೆಲ ನೆಟ್ಟಗೇ ಇದೆ."